ನಾನು ಕೆತ್ತಿದ ಜಪಾನಿ ಗಿಡುಗ

ಕಾನ್ವೆಂಟಿನಲ್ಲಿ ನಾಲ್ಕು ವರ್ಷ ಕಸೂತಿಗೆ ಬಹುಮಾನ ಗಳಿಸಿದ ಕೈ ನನ್ನದು. ಲೇಸು ಹೆಣೆದಿದೆ, ಮಣಿ ಪೋಣಿಸಿ ಗಿಳಿ ಮಾಡಿದೆ, ಒಮ್ಮೆ ಸಿಸ್ಟರ್ ಒಬ್ಬರ ಕರವಸ್ತ್ರದ ಮೇಲೆ ಗುಲಾಬಿಯನ್ನೂ ಅರಳಿಸಿದೆ. ಅಂಥ ಕೈಗೆ ಗೇಣುದ್ದದ ಕಟ್ಟಿಗೆ ಯಾವ ಲೆಕ್ಕ! ಹೀಗೆಂದುಕೊಂಡೇ ನಾನು ಹಾನಾಬಾಯಿಯ ಬಂಗಲೆಯ ಮೆಟ್ಟಿಲು ಹತ್ತಿದ್ದು.

ನಮ್ಮ ಮನೆಯವರು ಸೊಲ್ಲಾಪುರದಲ್ಲಿ ಹತ್ತಿಯ ದಲಾಲರು. ಆ ವರ್ಷ ಜಪಾನಿನ ಸಾಹೇಬರೊಬ್ಬರು ಹತ್ತಿ ಖರೀದಿಗೆಂದು ಬಂದು ನಮ್ಮೂರಿನಲ್ಲೇ ಬಿಡಾರ ಹೂಡಿದ್ದರು. ಅವರ ಹೆಂಡತಿ ಹಾನಾ. ನಮ್ಮ ಬಾಯಲ್ಲಿ ಹಾನಾಬಾಯಿ ಆದರು. ನಮ್ಮಿಬ್ಬರಿಗೂ ಇಂಗ್ಲಿಷ್ ಬರುತ್ತಿತ್ತು. ನನ್ನದರಲ್ಲಿ ವ್ಯಾಕರಣ ಹೆಚ್ಚು, ಅವರದರಲ್ಲಿ ನಗು ಹೆಚ್ಚು.

ಅವರ ಮೇಜಿನ ಮೇಲೆ ಮರದ ಗಿಡುಗವೊಂದು ಕೂತಿತ್ತು. ಅಂಟಿಲ್ಲ, ಮೊಳೆಯಿಲ್ಲ. ಒಂದೇ ಕೊಂಬೆ, ಒಂದೇ ಚೂರಿ. ಕೊಂಬೆಯನ್ನು ತೆಳ್ಳಗೆ ಹೆರೆಯುತ್ತ ಹೋಗಬೇಕು, ಹೆರೆದ ಎಳೆ ಬುಡದಲ್ಲಿ ಅಂಟಿಕೊಂಡೇ ಸುರುಳಿಯಾಗಬೇಕು. ಆ ಸುರುಳಿಗಳೇ ರೆಕ್ಕೆ, ಅವೇ ಬಾಲ. ಅವರ ತವರಿನ ಕಡೆ ಹಿಮ ಬೀಳುವ ತಿಂಗಳುಗಳಲ್ಲಿ ರೈತರು ಮಾಡುವ ಕೆಲಸವಂತೆ. ರೈತರು ಮಾಡುತ್ತಾರೆಂದರೆ ಬಹುಮಾನ ಗಳಿಸಿದ ನಾನು ಮಾಡದಿರುತ್ತೇನೆಯೇ?

ಇದಕ್ಕೆ ಕಾರಣವೂ ಇತ್ತು. ನಮ್ಮತ್ತೆಯವರ ಊರಾದ ಅಕ್ಕಲಕೋಟೆಯಲ್ಲಿ ನನ್ನ ಕಿರಿಯ ನಾದಿನಿ ಶಾಂತಾಳ ಮದುವೆ ಎಂಟು ದಿನಕ್ಕೆ ಬಂದಿತ್ತು. ಮದುವೆಯಲ್ಲಿ ಹೆಣ್ಣಿನ ಕಡೆಯವರು ತಮ್ಮ ಕೈಯಾರೆ ಮಾಡಿದ್ದನ್ನೆಲ್ಲ ಚಾಪೆಯ ಮೇಲೆ ಜೋಡಿಸಿ ಬೀಗರಿಗೆ ತೋರಿಸುವ ರುಖವತ್ ನಮ್ಮಲ್ಲಿ ತಪ್ಪುವಂತಿಲ್ಲ. ಹಿರಿಯ ನಾದಿನಿಯ ರುಖವತ್ತಿನಲ್ಲಿ ಸಕ್ಕರೆಯಿಂದ ಮಾಡಿದ ತುಳಸಿಕಟ್ಟೆಗೆ ಇರುವೆ ಮುತ್ತಿ, ಬೀಗರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗು ಇನ್ನೂ ನಮ್ಮತ್ತೆಯವರ ಕಿವಿಯಲ್ಲಿತ್ತು.

"ಈ ಸಲ ನಗಿಗೀಡ ಆಗೂದು ಬ್ಯಾಡವಾ," ಎಂದಿದ್ದರು ಅತ್ತೆ.

"ವೈನಿ, ನನ್ನ ಮರ್ಯಾದಿ ನಿನ್ನ ಕೈಯಾಗ ಐತಿ ನೋಡು," ಎಂದಿದ್ದಳು ಶಾಂತಾ.

"ಇಡೀ ಅಕ್ಕಲಕೋಟ್ಯಾಗ ಯಾರೂ ನೋಡಿರಬಾರದು, ಅಂಥಾದ್ದು ತರತೀನಿ!" ಎಂದು ನಾನು ಮಾತು ಕೊಟ್ಟಿದ್ದೆ.

ಹಾನಾಬಾಯಿ ತಮ್ಮ ದೇಶದಿಂದ ತಂದಿದ್ದ ಕೊಂಬೆಗಳಲ್ಲಿ ಮೂರನ್ನು ನನ್ನ ಮುಂದಿಟ್ಟರು. ಚೂರಿ ಕೊಟ್ಟು, ಮಾಡಿ ತೋರಿಸಿದರು. ಸರ್ರನೆ ಸದ್ದಾಯಿತು, ಒಂದು ಎಳೆ ಎದ್ದು ಗುಂಗುರು ಕೂದಲಿನಂತೆ ಸುತ್ತಿಕೊಂಡಿತು.

ನಾನು ನೆಲದ ಮೇಲೆ ಕೂತೆ. ಚೂರಿಯ ಹಿಡಿಯನ್ನು ಬಲಗಾಲ ಕೆಳಗೆ ಒತ್ತಿ ಹಿಡಿದೆ. ಅಲಗು ಮೇಲೆ ಬಂತು. ಎರಡೂ ಕೈಯಿಂದ ಕೊಂಬೆ ಹಿಡಿದು ಅದರತ್ತ ತಂದೆ.

ಹಾನಾಬಾಯಿ ಕಿಟಾರನೆ ಕಿರುಚಿದರು!

ನನ್ನ ತಪ್ಪೇನು? ಹುಟ್ಟಿದಾಗಿನಿಂದ ನಾನು ನಡೆಸಿದ್ದು ಈಳಿಗೆಮಣೆ. ಅಲ್ಲಿ ಅಲಗು ಕೂತಿರುತ್ತದೆ, ಬದನೆಕಾಯಿ ಓಡಾಡುತ್ತದೆ. ಇಲ್ಲಿ ಬದನೆಕಾಯಿ ಕೂತು ಅಲಗು ಓಡಾಡಬೇಕಂತೆ! ಕಿರುಚಾಟಕ್ಕೆ ಬೆದರಿ ಕೈ ಜಾರಿ, ಗಿಡುಗದ ತಲೆಯಾಗಬೇಕಿದ್ದ ತುದಿ ಹಾರಿ ಕುರ್ಚಿಯ ಕೆಳಗೆ ಹೋಯಿತು. ಮೊದಲ ಕೊಂಬೆ ಮುಗಿಯಿತು.

ಎರಡನೆಯದಕ್ಕೆ ಚೂರಿಯನ್ನು ಕೈಯಲ್ಲೇ ಹಿಡಿದೆ. ಮನಸ್ಸು ಗಿಡುಗವನ್ನು ಧ್ಯಾನಿಸುತ್ತಿತ್ತು. ಕೈ ಮಾತ್ರ ತನಗೆ ಗೊತ್ತಿದ್ದುದನ್ನು ಮಾಡಿತು. ನೋಡುತ್ತೇನೆ, ಕೊಂಬೆಗೆ ನಾಲ್ಕು ಸೀಳು, ಬುಡ ಮಾತ್ರ ಕೂಡಿಕೊಂಡಿದೆ. ಸಾಕ್ಷಾತ್ ಎಣ್ಣೆಗಾಯಿ! ಮಸಾಲೆ ತುಂಬುವುದೊಂದೇ ಬಾಕಿ.

ಮೂರನೆಯದನ್ನು ಹಾನಾಬಾಯಿ ನನ್ನ ಮಣಿಕಟ್ಟು ಹಿಡಿದುಕೊಂಡೇ ಮಾಡಿಸಿದರು. "ಮೆಲ್ಲಗೆ, ಮೆಲ್ಲಗೆ," ಎನ್ನುತ್ತಲೇ ಇದ್ದರು. ಆದರೂ ನನ್ನ ಎಳೆಗಳು ಬೆರಳಿನಷ್ಟು ದಪ್ಪ. ಅವು ಸುತ್ತಿಕೊಳ್ಳಲಿಲ್ಲ, ಸುತ್ತಲೂ ಸೆಟೆದು ನಿಂತವು. ಕೊಕ್ಕು ಮೊದಲೇ ಬಿದ್ದುಹೋಗಿತ್ತು. ಹಾನಾಬಾಯಿ ಅದನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಿ, ಸೊಂಟ ಬಗ್ಗಿಸಿ ವಂದಿಸಿ, "ತುಂಬ ಗಟ್ಟಿಯಾದ ಹಕ್ಕಿ," ಎಂದರು. ತಮ್ಮ ಗಿಡುಗವನ್ನೇ ಒಯ್ಯಿರೆಂದೂ ಹೇಳಿದರು.

"ಛೇ, ರುಖವತ್ತಿಗೆ ಸ್ವಂತ ಕೈಯದೇ ಆಗಬೇಕು," ಎಂದೆ. ಇಂಥ ಸ್ವಾಭಿಮಾನ ನನಗೆ ಬೇಡದ ಹೊತ್ತಿನಲ್ಲೇ ಬರುತ್ತದೆ.

ಮನೆಯಲ್ಲಿ ಅದನ್ನು ಕಂಡ ನಮ್ಮ ಮನೆಯವರು ಕನ್ನಡಕ ಒರೆಸಿಕೊಂಡರು.

"ಏನಿದು?"

"ಗಿಡುಗ ರೀ!"

"ಯಾಕ, ಯಾರರ ಹೊಡದಾರೇನು ಅದಕ್ಕ?"

"ನಿಮಗ ಕಲಾ ಅಂದ್ರ ತಿಳಿಯಂಗಿಲ್ಲ ಬಿಡ್ರಿ."

"ನನಗ ತಿಳಿಯಂಗಿಲ್ಲ ಖರೆ. ಬೀಗತಿಗೆ ತಿಳಿದ್ರ ಸಾಕು," ಎಂದು ಮುಖ ತಿರುಗಿಸಿ ನಕ್ಕರು. ಹೆಗಲು ಕುಲುಕಿದ್ದು ನನಗೆ ಕಾಣಿಸಿತು.

ಮದುವೆಯ ದಿನ ಶಾವಿಗೆಯ ಬೀಸಣಿಕೆ, ಕೌದಿ, ನನ್ನ ಲೇಸುಗಳ ನಡುವೆ ಗಿಡುಗವನ್ನು ಎತ್ತರದ ಮಣೆಯ ಮೇಲೆ ಕೂರಿಸಿದೆ. ಜಪಾನೀ ಕಲೆಯ ಕುರಿತು ಭಾಷಣವನ್ನೂ ಬಾಯಿಪಾಠ ಮಾಡಿದ್ದೆ. ನಂದೇಶ್ವರದಿಂದ ಬಂದ ಬೀಗತಿ, ಅಂದರೆ ವರನ ತಾಯಿ, ಒಂದೊಂದನ್ನೇ ಮುಟ್ಟಿ ನೋಡುತ್ತ ಬಂದು ಗಿಡುಗದ ಮುಂದೆ ನಿಂತರು. ಅತ್ತೆಯವರ ಕೈ ಸೆರಗನ್ನು ಹಿಂಡುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡೆ.

ಬೀಗತಿ ಗಿಡುಗವನ್ನು ತಲೆಕೆಳಗು ಮಾಡಿದರು. ಬುಡದ ಕೊಂಬೆಯನ್ನು ಎರಡೂ ಅಂಗೈ ನಡುವೆ ಹಿಡಿದು ಗರ್ರನೆ ಒಮ್ಮೆ ತಿರುಗಿಸಿದರು.

"ಕಡಗೋಲ ಭಾಳ ಛಂದ ಐತ್ರಿ! ಯಾವ ಬಡಿಗ್ಯಾ ಮಾಡ್ಯಾನ?"

ನನ್ನ ಭಾಷಣ ನಾಲಿಗೆಯ ತುದಿಯಲ್ಲೇ ನಿಂತಿತು. ಅರಿಸಿನ ಹಚ್ಚಿದ ಮುಖದಲ್ಲಿ ಶಾಂತಾಳ ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು. ಒಂದು ಮಾತು ಹೆಚ್ಚಾದರೂ ಇನ್ನೊಂದು ಸಕ್ಕರೆ ಕಟ್ಟೆ!

"ಬಡಿಗ್ಯಾ ಅಲ್ರಿ, ನಾನ ಮಾಡೇನಿ," ಎಂದೆ. "ಕಡಗೋಲ."

"ಅಬ್ಬಾ! ಸಾಲಿ ಕಲ್ತಾಕಿ ಕೈಲೆ ಇಂಥಾ ಕೆಲಸಾ?" ಎಂದು ಬೀಗತಿ ಬೆರಗಾದರು. "ಲೇಸು ಪೇಸು ಎಲ್ಲಾರ ಮನ್ಯಾಗೂ ಇರತಾವ. ಇದು ಸಂಸಾರದಾಗ ಉಪಯೋಗಕ್ಕ ಬರೂ ವಸ್ತು!" ಎಂದು ಅದನ್ನು ಅಲ್ಲಿಯೇ ತಮ್ಮ ಸೆರಗಿನಲ್ಲಿ ಕಟ್ಟಿಕೊಂಡರು. ಅತ್ತೆಯವರು ಬಂದವರಿಗೆಲ್ಲ "ನಮ್ಮ ಸೊಸಿ ಮಾಡಿದ ಕಡಗೋಲ" ಎಂದು ಹೇಳಿದ್ದೇ ಹೇಳಿದ್ದು. ನಮ್ಮ ಮನೆಯವರು ಮಾತ್ರ ಚಪ್ಪರದ ಕಂಬದ ಮರೆಗೆ ಹೋಗಿ ಬಹಳ ಹೊತ್ತು ಕೆಮ್ಮಿದರು.

ತಿಂಗಳ ಮೇಲೆ ಶಾಂತಾಳ ಕಾಗದ ಬಂತು. ಅವಳ ಅತ್ತೆ ಬೇರೆ ಕಡಗೋಲು ಮುಟ್ಟುವುದೇ ಇಲ್ಲವಂತೆ, ಬೆಣ್ಣೆ ಬೇಗ ಏಳುತ್ತದಂತೆ.

ಅದೇ ವಾರ ಹಾನಾಬಾಯಿ ಸಿಕ್ಕು, "ನಿಮ್ಮ ಗಿಡುಗ ಹೇಗಿದೆ?" ಎಂದು ಕೇಳಿದರು.

ಸುಳ್ಳು ಹೇಳಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದಾರೆ.

"ದಿನಾ ಬೆಳಿಗ್ಗೆ ಸುತ್ತು ಹೊಡೆಯುತ್ತದೆ," ಎಂದೆ.