ಮೂರು ತಾಸಿನ ಕರಿಕೋಳಿ ಸಾರು

ಹುಲಗೇಶನ ಎದೆಯೊಳಗೆ ಹದಿನೈದು ದಿನದಿಂದ ಯಾರೋ ಕುಂತು ಪೀಪಿ ಊದುತ್ತಿದ್ದರು. ಹಿರೇಕೆರೂರಿನ ಕಾಳಿನ ವಖಾರಿಯಲ್ಲಿ ಹನ್ನೊಂದು ವರ್ಷ ಗೋವಿನಜೋಳದ ಚೀಲ ಹೊತ್ತವನ ಎದೆಯಲ್ಲಿ ಧೂಳಲ್ಲದೆ ಮಲ್ಲಿಗೆಯ ವಾಸನೆ ಇರುತ್ತದೆಯೇ? ದವಾಖಾನೆಯ ಡಾಕ್ಟರು ಧೂಳಿಗೆ ಹೋಗಬೇಡ ಎಂದರು. ಧೂಳು ಬಿಟ್ಟು ಏನು ಉಣ್ಣಬೇಕು ಎಂಬುದನ್ನು ಮಾತ್ರ ಚೀಟಿಯಲ್ಲಿ ಬರೆಯಲಿಲ್ಲ.

ಹಮಾಲರ ಮುಕಾದಮ ಕರಿಬಸಪ್ಪ ಬೇರೆಯದೇ ಚೀಟಿ ಬರೆದಿದ್ದ. ನಾಳೆ ಮುಂಜಾನೆ ಎಲ್ಲರೆದುರು ತೂಕದ ಕಟ್ಟೆಯಿಂದ ಲಾರಿಯ ತನಕ ಒಂದಾದ ಮೇಲೊಂದು ಹತ್ತು ಚೀಲ, ನಡುವೆ ಎಲ್ಲೂ ನಿಲ್ಲದೆ ಹೊರಬೇಕು. ನಿಂತರೆ ಗುಂಪಿನಿಂದ ಹೆಸರು ಹೊಡೆಯುವುದು. ಆ ಜಾಗಕ್ಕೆ ಬರಲಿದ್ದ ಮುಕಾದಮನ ಹೆಂಡತಿಯ ತಮ್ಮ ಆಗಲೇ ತಲೆಗೆ ಸುತ್ತುವ ಹೊಸ ಟವೆಲ್ಲು ಖರೀದಿ ಮಾಡಿದ್ದ.

ಇಂಥ ಹೊತ್ತಿನಲ್ಲಿ ಹುಲಗೇಶನ ಮೊಬೈಲಿನೊಳಗೆ ಚೀನಾದ ಮುದುಕಿಯೊಬ್ಬಳು ಬಂದಳು. ಎಂಬತ್ತಾರು ವರ್ಷವಂತೆ, ಗುಡ್ಡ ಹತ್ತುತ್ತಿದ್ದಳು. ಎಲುಬು ಸಹ ಕಪ್ಪಗಿರುವ ಕೋಳಿ, ಹಸಿಶುಂಠಿ, ಒಣ ಬಾರಿಹಣ್ಣು, ಎಂಥದೋ ಬೇರು, ಎಲ್ಲ ಮಣ್ಣಿನ ಗಡಿಗೆಗೆ ಹಾಕಿ ಮೂರು ತಾಸು ಸಣ್ಣ ಉರಿಯ ಮೇಲಿಟ್ಟಳು. ಕುಡಿದ ಮೇಲೆ ಒಣಗಿದ ಶಾವಂತಿಗೆ ಹೂವಿನ ಚಹಾ. ಕಫ ಕರಗುತ್ತದೆ, ಬಿದ್ದ ಮೈ ಏಳುತ್ತದೆ, ನಡುವೆ ಮುಚ್ಚಳ ತೆಗೆದರೆ ಹಬೆಯ ಜೊತೆ ಗುಣವೂ ಹೋಗುತ್ತದೆ ಎಂದು ಮಷಿನ್ನಿನ ಹೆಣ್ಣುದನಿ ಕನ್ನಡದಲ್ಲಿ ಒದರಿತು.

ಅಂದು ಸಂತೆ. ಹುಲಗೇಶ ನೇರ ಕೋಳಿ ಮಾರುವ ಹಸನಸಾಬನ ಬುಟ್ಟಿಯ ಮುಂದೆ ಹೋಗಿ ನಿಂತ.

“ಒಂದೂ ಬಿಳಿ ಗರಿ ಇರಬಾರದ್ರಿ ಚಾಚಾ. ಎಲುಬು ಸೈತ ಕರ್ರಗಿರಬೇಕು.”

ಹಸನಸಾಬನ ಕೈ ಬುಟ್ಟಿಯೊಳಗೇ ನಿಂತಿತು. ಅವನ ಇಷ್ಟು ವರ್ಷದ ವ್ಯಾಪಾರದಲ್ಲಿ ಸಾರಿಗೆ ಅಂತ ಬಂದವರು ತೂಕ ಕೇಳಿದ್ದರು, ಬಣ್ಣ ಕೇಳಿರಲಿಲ್ಲ. ಬಣ್ಣ ಕೇಳುವವರು ಕೋಳಿಯನ್ನು ನಿವಾಳಿಸಿ ಮೂರುದಾರಿ ಕೂಡುವಲ್ಲಿ ಬಿಡುವವರು, ಇಲ್ಲ ಯಾರದೋ ಹೊಸ್ತಿಲ ಕೆಳಗೆ ಹೂಳುವವರು. ಅವನು ಹುಡುಕಿ ಒಂದು ಕೊಟ್ಟ, ತನ್ನ ಹೆಸರು ಎಲ್ಲೂ ಎತ್ತಬೇಡ ಅಂದ. ಇದು ಕೆಮ್ಮಿಗೆ ಎಂದು ಹೇಳಹೋದ ಹುಲಗೇಶನಿಗೆ ಆಗಲೇ ಕೆಮ್ಮು ಬಂದು ಮಾತು ಗಂಟಲಲ್ಲೇ ಸತ್ತಿತು.

ಸಂತೆಯ ನಡುವೆ ಅವನು ಹೊರಟ. ಒಂದು ಕೈಯಲ್ಲಿ ಕರಿಕೋಳಿ, ಇನ್ನೊಂದರಲ್ಲಿ ಹೊಸ ಗಡಿಗೆ, ಬಗಲಲ್ಲಿ ಹಳದಿ ಹೂವು, ಕಿಸೆಯಲ್ಲಿ ನಾಟಿ ಔಷಧದವನು ಕೊಟ್ಟ ಬೇರು. ನಿಂಬೆಹಣ್ಣೊಂದು ಕಡಿಮೆ ಇತ್ತು. ಸಾರಿಗೆ ಹಿಂಡಲಿಕ್ಕೆ ಬೇಕು ಎಂದು ಹೆಂಡತಿ ಜಯಶ್ರೀ ಫೋನು ಮಾಡಿದ್ದರಿಂದ ಅದೂ ಬಂತು.

ಗಡಿಗೆ ಒಲೆಯೇರಿದ ಹೊತ್ತಿಗೆ ಎದುರುಮನೆಯ ಸರೋಜವ್ವ ಬಾಗಿಲಲ್ಲಿದ್ದಳು. ಓಣಿಯಲ್ಲಿ ಬೆಕ್ಕು ಮರಿ ಹಾಕಿದರೂ ಮೊದಲು ಗೊತ್ತಾಗುವುದು ಅವಳಿಗೆ, ಆಮೇಲೆ ಬೆಕ್ಕಿಗೆ.

“ಏನ್ ಕುದಿಸಾಕತ್ತೀಯೋ?”

“ಸಾರು ಬೇ.”

“ಮುಚ್ಚಳ ತಗಿ, ನೋಡೂನು.”

“ಮೂರು ತಾಸು ತಗಿಯಂಗಿಲ್ಲ.”

ಸರೋಜವ್ವ ಗಡಿಗೆ ನೋಡಿದಳು, ಮೂಲೆಯಲ್ಲಿದ್ದ ಕರಿಗರಿಯ ಗುಡ್ಡೆ ನೋಡಿದಳು. ನಾಳೆಯ ಹತ್ತು ಚೀಲದ ಸುದ್ದಿ ಊರಿಗೇ ಗೊತ್ತಿತ್ತು. ಹಾವೇರಿ ಬಸ್ಸು ಸ್ಟ್ಯಾಂಡು ಬಿಡುವುದರೊಳಗೆ ಹುಲಗೇಶ ಮುಕಾದಮನಿಗೆ ಮಾಟ ಇಟ್ಟಿದ್ದಾನೆಂಬ ಮಾತು ಬಸ್ಸನ್ನೂ ಹತ್ತಿತು. ಹದಿನೈದು ದಿನ ಅವನು ಕೆಮ್ಮುವಾಗ ಒಂದು ವಾಟಗ ಬಿಸಿನೀರು ಕೊಡದ ಓಣಿಗೆ ಈಗ ಮೈತುಂಬ ಕಿವಿ.

ಸುದ್ದಿ ಮುಟ್ಟಿದಾಗ ಕರಿಬಸಪ್ಪ ಸಂತೆಯಲ್ಲಿ ಒಂಬತ್ತನೇ ಮಿರ್ಚಿ ತಿನ್ನುತ್ತಿದ್ದ. ಮಿರ್ಚಿ ತಿರುವಿತೋ ಅಂಜಿಕೆ ತಿರುವಿತೋ, ಹೊಟ್ಟೆ ಮಾತ್ರ ಹಗ್ಗ ಹೊಸೆದಂತೆ ತಿರುವಿಕೊಂಡಿತು. ಮಧ್ಯಾಹ್ನ ಮೂರಕ್ಕೆ ಅವನು ಎರಡು ಮಡಿಕೆಯಾಗಿ ಹುಲಗೇಶನ ಅಂಗಳಕ್ಕೆ ಬಂದ. ಹಿಂದೆ ಸರೋಜವ್ವ, ಅವಳ ಹಿಂದೆ ಓಣಿ.

“ತಪ್ಪಾತು ತಮ್ಮಾ. ಇದನ್ನ ತಗಿ,” ಅಂದ. ದಿನಾ ಲೇ ಅನ್ನುವ ಬಾಯಿ ಅದು.

ಹುಲಗೇಶ ನಿಜವನ್ನೇ ಹೇಳಿದ, ಇದು ಚೀನಾದ ಸಾರು, ಎದೆ ಕಟ್ಟಿದ್ದಕ್ಕೆ ಎಂದು. ಸರೋಜವ್ವ ಸೆರಗು ಬಾಯಿಗೆ ಹಿಡಿದಳು.

“ಮಾಟಕ್ಕ ಮಂದಿ ಕೊಳ್ಳೇಗಾಲಕ್ಕ ಹೊಕ್ಕಾರ ಅಂತ ಕೇಳಿದ್ದೆ. ಇಂವ ಚೀನಾಕ್ಕ ಹೋಗ್ಯಾನ.”

ಕರಿಬಸಪ್ಪ ಹೊಸ್ತಿಲ ಮೇಲೇ ಕುಕ್ಕರಿಸಿದ. “ನಾಳಿ ಪರೀಕ್ಷಾ ಗಿರೀಕ್ಷಾ ಏನೂ ಬ್ಯಾಡ. ನಿನ್ನ ಜಾಗ ನಿನಗ. ನಿಂತು ನಿಂತು ಹೊರು, ಕುಂತು ಕುಂತು ಹೊರು. ನನ್ನ ಜೀವ ಉಳಸು.”

“ಸಾರು ಅಂತ ಇನ್ನೊಮ್ಮೆ ಹೇಳ್ರಿ,” ಎಂದು ಜಯಶ್ರೀ ಹಿಂದಿನಿಂದ ಅಂಗಿ ಜಗ್ಗಿದಳು.

ಸಾರು ಎಂದರೆ ನಾಳೆ ಹತ್ತು ಚೀಲ. ಮಾಟ ಎಂದರೆ ಜಾಗ. ಹುಲಗೇಶನ ಎದೆಯೊಳಗಿನ ಪೀಪಿ ಒಂದು ಗಳಿಗೆ ಸುಮ್ಮನಾಯಿತು.

“ಹೌದ್ರಿ, ಮಾಡಿಸಿದ್ದೆ. ತಗೀತೇನಿ.”

ತೆಗೆಯುವುದು ಹೇಗೆಂದು ಚೀನಾದ ಮುದುಕಿ ಹೇಳಿರಲಿಲ್ಲ. ಅವನು ಮುಚ್ಚಳ ತೆಗೆದು ಒಂದು ಸೌಟು ಸಾರು ಬಟ್ಟಲಿಗೆ ಬಗ್ಗಿಸಿಕೊಟ್ಟ. ಕರಿಬಸಪ್ಪ ಗಟಗಟ ಕುಡಿದ. ಆಮೇಲೆ ಗಡಿಗೆಯನ್ನೇ ಎಳೆದುಕೊಂಡ. ಉಳಿದದ್ದೆಲ್ಲ ತನ್ನ ಮೇಲಿನ ಮಾಟವೇ ಅಲ್ಲವೇ, ತಳದಲ್ಲಿ ಬಿಟ್ಟರೆ ನಾಳೆ ಮತ್ತೆ ಏಳುತ್ತದಲ್ಲ. ಕರೀ ಎಲುಬು ಕಡಿದು ಚೀಪಿದ, ಬಾರಿಹಣ್ಣಿನ ಬೀಜ ಸಹ ಉಗುಳಲಿಲ್ಲ. ಹೂವಿನ ಚಹಾನೂ ಬಿಡಲಿಲ್ಲ. ಬೆವರಿದ, ಓಣಿ ನಡುಗುವಂತೆ ತೇಗಿದ, ನೆಟ್ಟಗೆ ಎದ್ದು ನಿಂತ.

ಓಣಿಯ ಮಂದಿ ಎರಡು ಹೆಜ್ಜೆ ಹಿಂದೆ ಸರಿಯಿತು. ಹುಲಗೇಶ ಖಾಲಿ ಗಡಿಗೆಯೊಳಗೆ ಇಣುಕಿ ಕೆಮ್ಮಿದ. ಹೋದರೆ ಸಾರು ಹೋಯಿತು, ಜಾಗ ಉಳಿಯಿತಲ್ಲ ಎಂದು ಜಯಶ್ರೀಗೆ ಸಮಾಧಾನ ಹೇಳಿದ.

ಮರುದಿನ ವಖಾರಿಯಲ್ಲಿ ಹಮಾಲರ ಪಟ್ಟಿಯೊಳಗೆ ಅವನ ಹೆಸರು ಎಲ್ಲರಿಗಿಂತ ಮೇಲಿತ್ತು. ಕರಿಬಸಪ್ಪ ಹತ್ತು ವರ್ಷ ಚಿಕ್ಕವನಾದಂತೆ ತಾನೇ ಚೀಲ ಹೊರುತ್ತಿದ್ದ. ಹುಲಗೇಶ ತಲೆಗೆ ಟವೆಲ್ಲು ಸುತ್ತಿ ಚೀಲದ ಮುಂದೆ ಬೆನ್ನು ಬಗ್ಗಿಸಿದ. ಹೊತ್ತ ಚೀಲಕ್ಕಷ್ಟೇ ಕೂಲಿ. ಅಷ್ಟು ಭಾರದ ಚೀಲವನ್ನು ಯಾವ ಹಮಾಲನೂ ತಾನೇ ಬೆನ್ನಿಗೇರಿಸಿಕೊಳ್ಳಲಾರ, ಇಬ್ಬರು ಎರಡು ತುದಿ ಹಿಡಿದು ಎತ್ತಿಕೊಡಬೇಕು.

ಯಾರೂ ಹತ್ತಿರ ಬರಲಿಲ್ಲ.

ಅದು ಬರೀ ಸಾರು ಎಂದು ಹುಲಗೇಶ ಒಬ್ಬೊಬ್ಬರನ್ನೇ ಹಿಡಿದು ಹೇಳಿದ. ನಿನ್ನೆ ನಿನ್ನ ಬಾಯಲ್ಲೇ ಒಪ್ಪಿಕೊಂಡಿ, ಮುಕಾದಮನ ಹೊಟ್ಟೆನೋವು ನಮ್ಮ ಕಣ್ಣೆದುರೇ ಇಳಿಯಿತು ಎಂದರು, ದೂರದಿಂದಲೇ. ಕರಿಬಸಪ್ಪ ಓಡಿ ಬಂದು, ಏಳು ಮಾರು ಆಚೆ ಒಂದು ಕುರ್ಚಿ ಇಟ್ಟು ಕೈಮುಗಿದ.

“ಹುಲಗೇಶಪ್ಪಾರ, ಜಾಗ ನಿಮ್ಮದ ಐತಿ. ಆರಾಮ ಕುಂದರ್ರಿ. ನಮ್ಮ ಚೀಲ ಮುಟ್ಟಬ್ಯಾಡ್ರಿ.”

ಹುಲಗೇಶ ಕುಂದರಲಿಲ್ಲ. ಜೋಳದ ಧೂಳು ಏಳುತ್ತಿತ್ತು. ಅವನು ಕೆಮ್ಮಿದ, ಹಮಾಲರು ಇನ್ನೊಂದು ಹೆಜ್ಜೆ ಹಿಂದೆ ಸರಿದರು. ಅವನು ಮತ್ತೆ ಬೆನ್ನು ಬಗ್ಗಿಸಿ, ಚೀಲಕ್ಕಾಗಿ ಕಾಯುತ್ತ ನಿಂತ.