ಗೋಡೆಯ ಹೊಟ್ಟೆಗೆ ಎಂತ ತುಂಬಿಸುವುದು?

ಸುಜಿತನ ಸ್ವರದಲ್ಲಿ ಯಾವ ತಪ್ಪೂ ಇರಲಿಲ್ಲ. ತಪ್ಪೆಲ್ಲ ಆ ಸ್ವರದ ಹಿಂದೆ ಕೇಳುತ್ತಿದ್ದ ‘ಗುರ್ರ್’ನದ್ದು.

ರಿಕ್ಷಾಕ್ಕೆ ಮೈಕ್ ಕಟ್ಟಿ ಊರಿಡೀ ಸಾರುವ ಜಾಹೀರಾತುಗಳನ್ನು ರೆಕಾರ್ಡ್ ಮಾಡಿಕೊಡುವುದು ಅವನ ಕೆಲಸ. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಾದರೂ ಅವನು “ಆತ್ಮೀಯ ಗ್ರಾಹಕರೇ” ಎಂದರೆ ಕಾವೂರಿನ ನಾಯಿಗಳೂ ತಿರುಗಿ ನೋಡುತ್ತಿದ್ದವು. ಆದರೆ ಅವನ ಕೋಣೆಗೂ ರತ್ನಾವತಿಯಕ್ಕನ ಹಿಟ್ಟಿನ ಮಿಲ್ಲಿಗೂ ನಡುವೆ ಇದ್ದದ್ದು ಮರದ ಚೌಕಟ್ಟಿನ ಎರಡೂ ಬದಿಗೆ ಪ್ಲೈವುಡ್ ಹೊಡೆದ ಗೋಡೆ. ಒಳಗೆ ಚೆಂಡೆಯ ಹಾಗೆ ಟೊಳ್ಳು.

ಬೆಳಗ್ಗೆ ಒಂಬತ್ತಕ್ಕೆ ಫ್ರಿಜ್ ಅಂಗಡಿಯ ಸೆಡ್ರಿಕ್ ಫೋನ್ ಮಾಡಿದ. “ಎಂತ ಮಾರಾಯ, ನಿನ್ನೆ ಕಳಿಸಿದ್ರಲ್ಲಿ ನಿನ್ನ ಹಿಂದೆ ಲಾರಿ ನಿಂತಿತ್ತಾ? ಇವತ್ತು ಐದು ಗಂಟೆಯೊಳಗೆ ಕ್ಲೀನಾಗಿ ಕೊಟ್ರೆ ವರ್ಷದ ಕೆಲಸ ಪೂರಾ ನಿಂಗೆ. ಇಲ್ಲದಿದ್ರೆ ಬಜಪೆಯಲ್ಲಿ ಬೇರೆ ಜನ ಉಂಟು.”

ವರ್ಷದ ಕೆಲಸ! ಸುಜಿತ್ ಬಡಗಿ ಹಿಶಾಮನನ್ನು ಕರೆಸಿ ತನ್ನ ಬದಿಯ ಪ್ಲೈ ಬಿಚ್ಚಿಸಿದ. ಟೊಳ್ಳಿಗೆ ಸದ್ದು ನುಂಗುವಂಥದ್ದು ಏನಾದರೂ ತುಂಬಿಸಬೇಕು. ಏನು? ಅದನ್ನು ತನ್ನ ಪಾಡಿಗೆ ಯೋಚಿಸಲು ಅವನನ್ನು ಬಿಡಬೇಕಲ್ಲ! ಈ ಊರಿನಲ್ಲಿ ಒಬ್ಬ ಗೋಡೆ ಬಿಚ್ಚಿದರೆ ಸಾಕು, ಬುದ್ಧಿ ಹೇಳುವವರು ಗೆದ್ದಲಿನ ಹಾಗೆ ಏಳುತ್ತಾರೆ.

ಮೊದಲು ಎದ್ದವರು ನಿವೃತ್ತ ವಿಜ್ಞಾನ ಮಾಷ್ಟ್ರು ಕಮಲಾಕ್ಷ. ಸುಜಿತನಿಗೆ ಪಾಠ ಮಾಡಿದವರು. ಅದನ್ನು ಅವರೂ ಮರೆತಿರಲಿಲ್ಲ, ಇವನಿಗೆ ಮರೆಯಲು ಬಿಟ್ಟೂ ಇರಲಿಲ್ಲ.

“ಥರ್ಮಾಕೋಲ್ ಹಾಕು. ಹತ್ತನೇ ಕ್ಲಾಸಿನವರೆಗೆ ಕೂತಿದ್ರೆ ನಿಂಗೇ ಗೊತ್ತಾಗ್ತಿತ್ತು.”

“ಅದ್ರಲ್ಲಿ ಸೌಂಡ್ ನಿಲ್ತದಾ ಮಾಷ್ಟ್ರೇ?”

“ನಿಲ್ಲದೆ ಎಂತ? ವಿಜ್ಞಾನ ಸುಳ್ಳು ಹೇಳ್ತದಾ?”

ಸುಜಿತ್ ಮೈಕಿನ ಡಬ್ಬದಲ್ಲಿದ್ದ ಥರ್ಮಾಕೋಲಿನೊಳಗೆ ಫೋನ್ ಇಟ್ಟು ಹಾಡು ಹಾಕಿದ. ಹಾಡು ಲಾಯ್ಕಾಗಿ ಕೇಳಿಸಿತು. ಬೆಂಕಿಗೆ ತಡೆಯುತ್ತದೋ ನೋಡಲು ಹಿಶಾಮ್ ಒಂದು ತುಂಡಿಗೆ ಲೈಟರ್ ಹಿಡಿದ. ಅದು ಕರಗಿ, ತೊಟ್ಟಿಕ್ಕಿ, ಮಾಷ್ಟ್ರ ಚಪ್ಪಲಿಗೆ ಅಂಟಿಕೊಂಡಿತು.

“ಕಲಿಯದವರ ಸಹವಾಸ ಮಾಡಿದ್ರೆ ಹೀಗೇ,” ಎಂದು ಮಾಷ್ಟ್ರು ಸುಜಿತನನ್ನೇ ದುರುಗುಟ್ಟಿ ನೋಡಿದರು. ಲೈಟರ್ ಹಿಡಿದವನು ಹಿಶಾಮ್, ಥರ್ಮಾಕೋಲ್ ಹೇಳಿದವರು ಇವರು, ಬೈಗುಳ ಮಾತ್ರ ಸುಜಿತನಿಗೆ!

ಅಷ್ಟರಲ್ಲಿ ಕಟ್ಟಡದ ಯಜಮಾನ ಲೋಕನಾಥಣ್ಣ ಎರಡು ಗೋಣಿ ಹೊರಿಸಿಕೊಂಡು ಬಂದರು. “ಪೇಟೆಯಿಂದ ತರುದು ಎಂತಕ್ಕೆ? ನಮ್ಮಲ್ಲಿ ತೆಂಗಿನ ನಾರು ರಾಶಿ ಉಂಟು. ಬಿಲ್ಡಿಂಗ್ ನಂದು, ಗೋಡೆ ನಂದು. ನಾರೇ ಹಾಕುದು.”

“ಲೋಕಣ್ಣ, ಸ್ವಲ್ಪ ಯೋಚನೆ ಮಾಡಿ…”

“ಯೋಚನೆ ನಾನು ಮಾಡಿ ಆಗಿದೆ.”

ಗೋಣಿಯ ಬಾಯಿ ಬಿಚ್ಚಿದ್ದೇ ತಡ, ಒಳಗಿಂದ ಹೆಗ್ಗಣವೊಂದು ಹಾರಿ ಗೋಡೆಯ ಸಂದಿಯಲ್ಲಿ ಮಿಲ್ಲಿಗೆ ನುಗ್ಗಿತು. ಮರುಕ್ಷಣ ರತ್ನಕ್ಕ ಪೊರಕೆ ಹಿಡಿದು ಬಂದಳು.

“ಅಯ್ಯೋ ದೇವೆರೇ! ಅಕ್ಕಿ ಇಡುವಲ್ಲಿಗೆ ಹೆಗ್ಗಣ ಬಿಟ್ಟದ್ದು ಯಾರು?”

ಲೋಕಣ್ಣ ಒಂದಿಷ್ಟೂ ನಾಚಿಕೆಯಿಲ್ಲದೆ ಸುಜಿತನ ಕಡೆಗೆ ಕೈ ತೋರಿಸಿದರು.

“ಸಾಕು!” ಸುಜಿತ್ ಸಿಡಿದ. “ಕೋಣೆಯಲ್ಲಿ ಕೂತು ಹೇಳುವವ ನಾನು. ಗ್ಲಾಸ್ ವೂಲ್ ಹಾಕ್ತೇನೆ. ಇನ್ನು ಯಾರೂ ಬಾಯಿ ತೆರೆಯುದು ಬೇಡ!”

ಪೇಟೆಯ ಪಂಪ್‌ವೆಲ್‌ಗೆ ಹೋಗಿ ಹಳದಿ ಹತ್ತಿಯಂತಹ ಆ ಗಾಜಿನ ಉಣ್ಣೆಯ ಸುರುಳಿಯನ್ನು ಕೊಂಡ. ಕೈಗವಸು ಹಾಕಿಕೋ ಎಂದು ಅಂಗಡಿಯವನು ಹೇಳಿದಾಗ ಅವನಿಗೆ ಇನ್ನೊಬ್ಬರ ಬುದ್ಧಿಮಾತು ಸಾಕಾಗಿತ್ತು. ಮಗುವನ್ನು ಅಪ್ಪಿಕೊಂಡ ಹಾಗೆ ಅಪ್ಪಿಕೊಂಡು ರಿಕ್ಷಾದಲ್ಲಿ ಕೂತ. ಕಾವೂರಿಗೆ ತಲುಪುವಾಗ ಗಾಜಿನ ಎಳೆಗಳು ಮೈಗೆಲ್ಲ ಚುಚ್ಚಿ, ತುರಿಸಲು ಎರಡು ಕೈ ಸಾಲದೆ ಬೆನ್ನನ್ನು ಲೈಟ್‌ಕಂಬಕ್ಕೆ ತಿಕ್ಕುತ್ತಿದ್ದ. ಹಿಶಾಮ್ ಕೈಗವಸು, ಮಾಸ್ಕ್ ಎಲ್ಲ ಹಾಕಿಕೊಂಡು ಉಣ್ಣೆ ತುಂಬಿಸಿ ಮೂರು ಗಂಟೆಗೆ ಪ್ಲೈ ಹೊಡೆದು ಮುಗಿಸಿದ.

ಸುಜಿತ್ ಎ.ಸಿ. ಹಾಕಿಟ್ಟು ಹೋಗಿ ಸ್ನಾನ ಮಾಡಿ, ಮೈಗೆ ಎಣ್ಣೆ ಹಚ್ಚಿ, ನಾಲ್ಕಕ್ಕೆ ಬಂದು ಕೂತ. ಸದ್ದೇ ಇಲ್ಲ! ಮೂರು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಅವನಿಗೆ ತನ್ನ ಉಸಿರು ಕೇಳಿಸಿತು. ಗಂಟಲು ಸರಿಮಾಡಿಕೊಂಡ. “ಆತ್ಮೀಯ ಗ್ರಾಹಕರೇ…”

ಗುರ್ರ್‌ರ್‌ರ್!

ಗೋಡೆಯಿಂದಲ್ಲ, ಬಾಗಿಲಿನಿಂದ. ಮಿಲ್ಲಿನ ಬಾಗಿಲು ರಸ್ತೆಗಾದರೆ ಇವನ ಬಾಗಿಲು ಹಿಂದಿನ ಜಗಲಿಗೆ. ತೆರೆದು ನೋಡಿದರೆ ಆ ಜಗಲಿಯಲ್ಲೇ ಹಿಟ್ಟಿನ ಮಿಷನ್ ಕೂತಿದೆ, ಪಕ್ಕದಲ್ಲಿ ಸ್ಟೂಲ್ ಹಾಕಿ ರತ್ನಕ್ಕ ಕೂತಿದ್ದಾಳೆ.

“ಇದೆಂತ ರತ್ನಕ್ಕ!”

“ನನ್ನತ್ರ ಕೇಳ್ತೀಯಾ? ನಿನ್ನ ಎ.ಸಿ.ಯ ತಂಪು ಆ ಪ್ಲೈಯಲ್ಲಿ ಬರ್ತಿತ್ತು. ಬೆನ್ನು ಕೊಟ್ಟು ಕೂತ್ರೆ ಸ್ವರ್ಗ. ಎಂತದೋ ತುಂಬಿಸಿ ಅದಕ್ಕೂ ಕಲ್ಲು ಹಾಕಿದಿ. ಒಳಗೆ ಈಗ ಬೆಂದು ಹೋಗ್ತದೆ ಮಾರಾಯ! ನಾಲ್ಕು ಜನ ಹಿಡಿದು ಮಿಷನ್ ಇಲ್ಲಿಗೆ ತಂದದ್ದು.”

“ಜಗಲಿ ನಂದು. ಅವಳು ಇಟ್ಕೊಳ್ಳಲಿ,” ಎಂದರು ಮಾಷ್ಟ್ರ ಜೊತೆ ಅಲ್ಲೇ ನಿಂತಿದ್ದ ಲೋಕಣ್ಣ.

ಕಮಲಾಕ್ಷ ಮಾಷ್ಟ್ರು ತಲೆಯಾಡಿಸಿದರು. “ಗ್ಲಾಸ್ ವೂಲ್ ಸೌಂಡಿನ ಒಟ್ಟಿಗೆ ಬಿಸಿಯನ್ನೂ ತಂಪನ್ನೂ ನಿಲ್ಲಿಸ್ತದೆ. ಹತ್ತನೇ ಕ್ಲಾಸಿನ ಪಾಠ.”

“ಮೊದಲೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ?”

“ನೀನು ಕೇಳ್ಲಿಲ್ಲ.”

ಬೆಳಗ್ಗೆಯಿಂದ ಯಾರೂ ಕೇಳದೆ ಬಾಯಿ ಹಾಕಿದ ಮನುಷ್ಯನ ಮಾತು ಇದು! ಸುಜಿತನ ಕಿವಿಯಲ್ಲಿ ಹೊಗೆ ಬರುವುದೊಂದು ಬಾಕಿ.

“ಸಿಟ್ಟು ಮಾಡ್ಬೇಡ,” ಎಂದಳು ರತ್ನಕ್ಕ. “ಇದು ಅರ್ಜೆಂಟ್ ಅಕ್ಕಿ, ನಿಲ್ಲಿಸ್ಲಿಕ್ಕಾಗುದಿಲ್ಲ. ನೀನು ಮಿಲ್ಲಿನ ಒಳಗೆ ಹೋಗಿ ಮಾತಾಡು. ಅಲ್ಲಿ ಈಗ ಒಂಚೂರು ಸದ್ದಿಲ್ಲ. ಗೋಡೆ ಒಳ್ಳೆದಾಗಿದೆ ನಿಂದು.”

ನಾಲ್ಕೂಮುಕ್ಕಾಲು. ಬೇರೆ ದಾರಿ ಇರಲಿಲ್ಲ. ಮೈಕ್ ಎತ್ತಿಕೊಂಡು ಮಿಲ್ಲಿಗೆ ಹೋದ. ನಿಜವೇ! ಅವನ ಹಣ, ಅವನ ತುರಿಕೆ, ಅವನ ಗೋಡೆ, ಎಲ್ಲ ಸೇರಿ ರತ್ನಕ್ಕನ ಖಾಲಿ ಕೋಣೆಯನ್ನು ಸದ್ದಿನಿಂದ ಕಾಯುತ್ತಿದ್ದವು. ಬೆವರು ಒರೆಸಿಕೊಂಡು ಶುರುಮಾಡಿದ. ಬೆಳಗ್ಗೆಯಿಂದ ಹದಿನೈದು ಕಿಲೋ ಬ್ಯಾಡಗಿ ಮೆಣಸು ಪುಡಿಯಾದ ಕೋಣೆ ಅದೆಂದು ತಿಳಿದದ್ದು ಎರಡನೇ ವಾಕ್ಯಕ್ಕೆ. ಮೂರು ಸಲ ಮೊದಲಿನಿಂದ ಹೇಳಿದ, ಪ್ರತಿ ಸಲವೂ ಸೀನು ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಐದಕ್ಕೆ ಒಂದು ನಿಮಿಷ ಇರುವಾಗ ಇದ್ದದ್ದನ್ನೇ ಕಳಿಸಿದ.

ಹತ್ತು ನಿಮಿಷಕ್ಕೆ ಸೆಡ್ರಿಕ್ ಫೋನ್ ಮಾಡಿದ. “ಲಾರಿ ಹೋಯ್ತು ಮಾರಾಯ! ಹಿಂದೆ ಪೂರಾ ಕ್ಲೀನ್.”

ಸುಜಿತನ ಎದೆ ಉಬ್ಬಿತು. “ಹಾಗಾದ್ರೆ ವರ್ಷದ ಕೆಲಸ?”

“ಅದು ಬಜಪೆಯವನಿಗೆ ಹೇಳಿ ಆಯ್ತು. ನಾನು ಮಾರುದು ಫ್ರಿಜ್. ಹೇಳುವವನೇ ಹೀಗೆ ಶೀತ ಹಿಡಿದು ಸೀನ್ತಾ ಕೂತ್ರೆ ಯಾರು ತೆಗೊಳ್ತಾರೆ ಮಾರಾಯ?”