ಹದಿನಾರು ತಟ್ಟೆ ಗಿಣ್ಣು

ಪೊನ್ನಂಪೇಟೆಯಲ್ಲಿ ಇಂಗ್ಲಿಷ್ ಬಲ್ಲವರು ಎಷ್ಟು ಮಂದಿ ಎಂದು ಯಾರಾದರೂ ಕೇಳಿದರೆ ಜನಾರ್ದನ ಮೇಷ್ಟ್ರು ಕನ್ನಡಕ ಒರೆಸಿಕೊಂಡು, ಸ್ವಲ್ಪ ಯೋಚಿಸಿದಂತೆ ಮಾಡಿ, "ಒಂದೂವರೆ" ಎನ್ನುತ್ತಿದ್ದರು. ಆ ಒಂದು ಯಾರು ಎಂದು ಕೇಳುವ ಅಗತ್ಯವೇ ಇರಲಿಲ್ಲ. ಉಳಿದ ಅರ್ಧವನ್ನು ಅವರು ದೊಡ್ಡ ಮನಸ್ಸು ಮಾಡಿ ಪೋಸ್ಟ್ ಮಾಸ್ಟರಿಗೆ ಬಿಟ್ಟುಕೊಟ್ಟಿದ್ದರು.

ಅವರು ಪಾಠ ಮಾಡುತ್ತಿದ್ದ ಮಿಡ್ಲ್ ಸ್ಕೂಲು ಬರುವ ಜೂನಿಗೆ ಹೈಸ್ಕೂಲಾಗುವುದಿತ್ತು. ಅಲ್ಲಿಯ ಇಂಗ್ಲಿಷ್ ಪಾಠ ತಮಗೇ ಸಿಗಬೇಕೆಂಬುದು ಮೇಷ್ಟ್ರ ಜೀವದ ಆಸೆ. ಆದರೆ ಶಾಲಾ ಕಮಿಟಿಯ ಅಧ್ಯಕ್ಷರಾದ ಕಾಫಿ ತೋಟದ ಕುಶಾಲಪ್ಪನವರು ಮೈಸೂರಿನಿಂದ ಯಾರೋ ಬಿ.ಎ. ಹುಡುಗನನ್ನು ಕರೆಸುವ ಮಾತಾಡುತ್ತಿದ್ದರು. ಮೇಷ್ಟ್ರಿಗೆ ಊಟ ರುಚಿಸುತ್ತಿರಲಿಲ್ಲ. ಹೊಟ್ಟೆಯಲ್ಲಿ ಆ ಬಿ.ಎ. ಹುಡುಗನೇ ಕೂತಿದ್ದ.

ಇಂಥ ಹೊತ್ತಿನಲ್ಲಿ ಮಹಿಳಾ ಸಮಾಜಕ್ಕೆ ಒಂದು ಕಾಗದದ ತುಂಡು ಬಂತು. ಅಮ್ಮತ್ತಿ ಕಡೆಯ ಎಸ್ಟೇಟಿನ ಹಾಲೋವೇ ದೊರೆಸಾನಿ ತಮ್ಮ ಸೀಮೆಯ ಪತ್ರಿಕೆಯಿಂದ ಕತ್ತರಿಸಿ ಕಳಿಸಿದ ಬೇಸಿಗೆಯ ತಿನಿಸೊಂದರ ಪಾಕವಿಧಾನ ಅದು. ಹೆಸರು ಸಲಾಡ್. ಕಲ್ಲಂಗಡಿ, ಅನಾನಸು, ಪುದಿನ, ನಿಂಬೆರಸ, ಮೇಲೆ ತುರಿದ ಚೀಸ್. ಸಮಾಜದ ಹದಿನಾರು ಮಂದಿ ಹೆಂಗಸರೂ ಇದನ್ನು ಮಾಡಿ ತರಬೇಕು, ಬರುವ ಭಾನುವಾರ ತಾವೇ ಬಂದು ರುಚಿ ನೋಡುತ್ತೇನೆ ಎಂದು ದೊರೆಸಾನಿ ಬರೆದಿದ್ದರು. ಸಮಾಜದ ಅಧ್ಯಕ್ಷೆ ಪೂವಮ್ಮ, ಕುಶಾಲಪ್ಪನವರ ಹೆಂಡತಿ. ತರ್ಜುಮೆ ಯಾರಿಂದ ಮಾಡಿಸುವುದು ಎಂದು ಆಕೆ ಕೇಳಿದಾಗ ಮೇಷ್ಟ್ರ ಹೆಂಡತಿ ಪದ್ಮಾಕ್ಷಿ ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ, ಗಂಡನ ಹೆಸರು ಹೇಳಿಬಿಟ್ಟಳು. ಕುಶಾಲಪ್ಪನವರು ಆ ತುಂಡನ್ನು ಮೇಷ್ಟ್ರ ಕೈಗಿಟ್ಟು, ಇದನ್ನು ನೋಡಿದ ಮೇಲೆ ಜೂನಿನ ವಿಚಾರ ಮಾತಾಡೋಣ ಎಂದುಬಿಟ್ಟರು.

ಮೇಷ್ಟ್ರು ಸ್ನಾನ ಮಾಡಿ, ತಲೆದಿಂಬಿನಷ್ಟು ದಪ್ಪದ ನಿಘಂಟನ್ನು ಮಣೆಯ ಮೇಲಿಟ್ಟುಕೊಂಡು ಕೂತರು. ಹಣ್ಣುಗಳನ್ನು ಒಂದೇ ಉಸಿರಿಗೆ ದಾಟಿದರು. ಚೀಸ್ ಎಂಬಲ್ಲಿ ಬಂಡಿ ನಿಂತಿತು. ಆ ಪದಾರ್ಥವನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಕಂಡಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸವೂ ಇರಲಿಲ್ಲ. ನಿಘಂಟು ತೆರೆದರೆ ಅಚ್ಚುಕಟ್ಟಾಗಿ ಹೇಳಿತ್ತು: ಗಿಣ್ಣು.

ಪದ್ಮಾಕ್ಷಿಗೆ ಅನುಮಾನ ಬಂತು. ಗಿಣ್ಣು ಎಂದರೆ ಹಸು ಕರು ಹಾಕಿದ ಎರಡು ಮೂರು ದಿನದ ಹಾಲನ್ನು ಬೆಲ್ಲ ಹಾಕಿ ಆವಿಯಲ್ಲಿ ಬೇಯಿಸಿದ್ದು. ಅದನ್ನು ಕಲ್ಲಂಗಡಿಯ ಮೇಲೆ ತುರಿಯುವುದು ಹೇಗೆ?

"ಅಲ್ಲ, ಆ ದೇಶದಲ್ಲಿ ಬೇಕು ಬೇಕಾದಾಗ ಗಿಣ್ಣು ಎಲ್ಲಿಂದ ಬರ್ತದೆ?" ಎಂದು ಕೇಳಿದಳು.

"ಸಾಮ್ರಾಜ್ಯ ಕಟ್ಟಿದವರಿಗೆ ನಾಲ್ಕು ಹಸು ಕಟ್ಟೋದು ಕಷ್ಟವಾ?"

"ಗಿಣ್ಣು ಮೆತ್ತಗಲ್ವಾ? ತುರಿಯೋದು ಎಂತ?"

"ಅಲ್ಲಿ ಚಳಿ ಜಾಸ್ತಿ. ಗಟ್ಟಿಯಾಗ್ತದೆ."

ಇಷ್ಟು ಉತ್ತರ ಕೊಟ್ಟ ಮೇಲೆ ಮೇಷ್ಟ್ರಿಗೇ ತಮ್ಮ ಉತ್ತರದ ಮೇಲೆ ನಂಬಿಕೆ ಬಂತು. ಮುತ್ತಿನಂಥ ಅಕ್ಷರದಲ್ಲಿ ಹದಿನಾರು ಪ್ರತಿ ಬರೆದು, ಪ್ರತಿಯೊಂದರ ಕೆಳಗೂ ತಮ್ಮ ಹೆಸರು ಹಾಕಿ ಸೋಮವಾರ ಹಂಚಿಸಿದರು.

ಮಂಗಳವಾರ ಬೆಳಗಾಗುವಷ್ಟರಲ್ಲಿ ಪೊನ್ನಂಪೇಟೆಯ ಹೆಂಗಸರು ಹಸುಗಳ ಹೊಟ್ಟೆ ನೋಡತೊಡಗಿದರು. ಹಸು ಇದ್ದ ಮನೆಗಳಲ್ಲಿ ಕರುಗಳೆಲ್ಲ ಆಗಲೇ ಹುಲ್ಲು ಮೇಯುತ್ತಿದ್ದವು. ಕುಶಾಲಪ್ಪನವರ ಜೀಪು ಅಮ್ಮತ್ತಿಯವರೆಗೆ ಹೋಗಿ, ಆಗಷ್ಟೇ ಕರು ಹಾಕಿದ ಒಂದು ಎಮ್ಮೆಯ ಸುಳಿವೂ ಸಿಗದೆ ಮರಳಿತು. ಕೊನೆಗೆ ಇಡೀ ಊರಿಗೆ ಉಳಿದದ್ದು ಹುದಿಕೇರಿ ರಸ್ತೆಯಲ್ಲಿದ್ದ ಬೊಳ್ಳಮ್ಮನವರ ಕಪ್ಪು ಹಸು ಒಂದೇ. ಅದಕ್ಕೆ ದಿನ ತುಂಬಿತ್ತು.

ಆ ಹಸುವಿಗೆ ಅಂಥ ಉಪಚಾರ ಹಿಂದೆ ನಡೆದಿರಲಿಲ್ಲ, ಮುಂದೆಯೂ ನಡೆಯಲಿಲ್ಲ. ಒಬ್ಬರು ಹಿಂಡಿ ತಂದರು, ಒಬ್ಬರು ಬೂಸಾ ತಂದರು, ಪೂವಮ್ಮ ಅಧ್ಯಕ್ಷೆಯ ಗತ್ತಿನಲ್ಲಿ ಒಂದು ಅಚ್ಚು ಬೆಲ್ಲ ತಿನ್ನಿಸಿದರು. ಬೊಳ್ಳಮ್ಮ ವ್ಯವಹಾರ ಬಲ್ಲವರು. ಬಂದವರನ್ನು ಬರಿಗೈಯಲ್ಲಿ ಕೂರಿಸದೆ ಒಬ್ಬರಿಂದ ನೀರು ಹೊರಿಸಿದರು, ಒಬ್ಬರಿಂದ ಕೊಟ್ಟಿಗೆಯ ಕಸ ಹೊಡೆಸಿದರು. ಬುಧವಾರ ಹಸು ಮೆಲುಕು ಹಾಕಿತು. ಗುರುವಾರವೂ ಮೆಲುಕು ಹಾಕಿತು. ಶುಕ್ರವಾರ ಅದು ಒಮ್ಮೆ ನರಳಿದ ಸುದ್ದಿ ಕೇಳಿ ಆರು ಮನೆಗಳಲ್ಲಿ ಒಲೆಯ ಮೇಲಿದ್ದ ಸಾರು ಸೀದುಹೋಯಿತು. ಅದು ತೇಗು ಎಂದು ಆಮೇಲೆ ತಿಳಿಯಿತು.

ಮೇಷ್ಟ್ರು ಮಾತ್ರ ಮನೆಯಿಂದ ಹೊರಗೆ ತಲೆ ಹಾಕಲಿಲ್ಲ. ಹಸು ಭಾನುವಾರದೊಳಗೆ ಕರು ಹಾಕದಿದ್ದರೆ ಜೂನಿನ ಇಂಗ್ಲಿಷ್ ಪಾಠ ಕೈತಪ್ಪಿದಂತೆಯೇ ಎಂದು ಅವರಿಗೆ ಖಾತ್ರಿಯಾಗಿತ್ತು. ಒಂದು ದನದ ಹೊಟ್ಟೆಯಲ್ಲಿ ತಮ್ಮ ಭವಿಷ್ಯ ಸಿಕ್ಕಿಕೊಂಡಿದ್ದಕ್ಕೆ ನಿಜವಾಗಿಯೂ ಅವರಿಗೆ ಅಳು ಬರುವಂತಾಗಿತ್ತು.

ಶನಿವಾರ ಮಧ್ಯಾಹ್ನ ಹಸು ಕರು ಹಾಕಿತು. ಊರಿಗೆ ಊರೇ ಓಡಿತು. ಬೊಳ್ಳಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತು, ಮೊದಲು ಕರುವಿನ ಹೊಟ್ಟೆ ತುಂಬಲಿ, ಆಮೇಲೆ ಮನೆಗೆ ಅರ್ಧ ಲೋಟ, ಅದಕ್ಕೆ ಮಾಮೂಲಿ ಹಾಲು ಬೆರೆಸಿಕೊಂಡು ಹಿಗ್ಗಿಸಿಕೊಳ್ಳಿ ಎಂದು ತೀರ್ಪು ಕೊಟ್ಟರು. ಹಿಂದೆ ಅಡಗಿ ನಿಂತಿದ್ದ ಮೇಷ್ಟ್ರು ಆಕೆಯ ಕಣ್ಣಿಗೆ ಬಿದ್ದರು.

"ಚೀಟಿಯಲ್ಲಿ ನಿಮ್ಮ ಹೆಸರೇ ಉಂಟಲ್ಲ, ಮೇಷ್ಟ್ರೇ. ಬನ್ನಿ, ಕರು ನೀವೇ ಹಿಡ್ಕೊಳ್ಳಿ."

ಮೇಷ್ಟ್ರು ಹಿಡಿದರು. ಕರು ಮೈಯೆಲ್ಲ ನೆಕ್ಕಿತು. ತಾಯಿ ಒದ್ದಿತು. ಪಂಚೆಯ ಮೇಲೆ ಗೊರಸಿನ ಗುರುತು ಹೊತ್ತು, ಕುಂಟುತ್ತ, ಅರ್ಧ ಲೋಟ ಗಿಣ್ಣುಹಾಲನ್ನು ಗಂಗಾಜಲದಂತೆ ಹಿಡಿದು ಅವರು ಮನೆ ಸೇರಿದರು. ಅಲ್ಲಿ ಬೆಲ್ಲ ಹಾಕಬೇಕೋ ಉಪ್ಪು ಹಾಕಬೇಕೋ ಎಂದು ಗಂಡಹೆಂಡಿರಿಗೆ ಜಗಳವಾಯಿತು. ಉಪ್ಪೇ ಗೆದ್ದಿತು. ಬೆಂದ ಗಿಣ್ಣನ್ನು ಮೇಷ್ಟ್ರು ಚೀಟಿಯಲ್ಲಿ ಬರೆದಂತೆ ತುರಿಯಲು ಹೋದರು. ತುರಿಮಣೆಗೆ ತಾಗಿದ್ದೇ ತಡ, ಅರ್ಧ ಜಾರಿ ಅವರ ತೊಡೆಯ ಮೇಲೆ ಬಿತ್ತು. ಪದ್ಮಾಕ್ಷಿ ಉಳಿದದ್ದನ್ನು ಕಿತ್ತುಕೊಂಡು ಚಾಕುವಿನಿಂದ ಚೌಕ ಚೌಕವಾಗಿ ಕೊಯ್ದಳು. ಗೋಡೆಯಾಚೆಗೆ ಸುದ್ದಿ ಹೋಗಿ ಉಳಿದ ಹದಿನೈದು ಮನೆಯವರೂ ಹಾಗೆಯೇ ಕೊಯ್ದರು.

ಭಾನುವಾರ ಹದಿನಾರು ತಟ್ಟೆಗಳು ಸಾಲಾಗಿ ಕೂತವು. ಕೆಂಪು ಕಲ್ಲಂಗಡಿ, ಹಳದಿ ಅನಾನಸು, ಮೇಲೆ ಬಿಳಿ ಗಿಣ್ಣು, ಪುದಿನದ ಎಲೆ. ನೋಡುವುದಕ್ಕೆ ಚೆನ್ನಾಗಿಯೇ ಇತ್ತು. ದೊರೆಸಾನಿ ಮೊದಲ ಚಮಚ ಬಾಯಿಗಿಟ್ಟು ಹುಬ್ಬೇರಿಸಿದರು. ಎರಡನೆಯದಕ್ಕೆ ಕಣ್ಣು ಮುಚ್ಚಿದರು. ಮೂರು ತಟ್ಟೆ ಖಾಲಿ ಮಾಡಿದ ಮೇಲೆ, ಈ ಬಿಳಿಯದು ಏನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಚೀಸ್ ಎಂದರು ಮೇಷ್ಟ್ರು. ದೊರೆಸಾನಿ ನಕ್ಕು, ಹೋಲಿಸಿ ತೋರಿಸಲೆಂದು ತಂದಿದ್ದ ಡಬ್ಬಿಯನ್ನು ಚೀಲದಿಂದ ತೆಗೆದು ಬಿಚ್ಚಿದರು. ಒಳಗೆ ಹಳದಿ ಬಣ್ಣದ, ತುರಿಯಲಿಕ್ಕೆಂದೇ ಹುಟ್ಟಿದಂಥ ಗಟ್ಟಿ ಪದಾರ್ಥ. ಹದಿನಾರು ಜೊತೆ ಕಣ್ಣುಗಳು ಡಬ್ಬಿಯಿಂದ ಮೇಷ್ಟ್ರ ಕಡೆಗೆ ತಿರುಗಿದವು. ಒಂದು ವಾರ ಕೊಟ್ಟಿಗೆ ಗುಡಿಸಿದ ಕಣ್ಣುಗಳು ಅವು.

ಮೇಷ್ಟ್ರನ್ನು ಉಳಿಸಿದ್ದು ದೊರೆಸಾನಿಯೇ. ನಮ್ಮ ಚೀಸಿಗಿಂತ ಇದೇ ರುಚಿ, ಸೀಮೆಯಲ್ಲಿರುವ ನನ್ನ ತಂಗಿಗೆ ಕಳಿಸಬೇಕು, ಮಾಡುವ ವಿಧಾನವನ್ನು ಇಂಗ್ಲಿಷಿನಲ್ಲಿ ಬರೆದುಕೊಡಿ ಎಂದರು. ಕುಶಾಲಪ್ಪನವರ ಮುಖ ಸ್ವಲ್ಪ ಸಡಿಲವಾಯಿತು. ಬರೆದು ದೊರೆಸಾನಿಗೆ ಕಳಿಸಿ, ಬುಧವಾರ ಕಮಿಟಿ ಸೇರುತ್ತದೆ, ಅವರು ಸರಿ ಎಂದರೆ ಪಾಠ ನಿಮಗೇ ಎಂದರು. ಮೇಷ್ಟ್ರ ಎದೆ ಮತ್ತೆ ಅಗಲವಾಯಿತು. ಕುಂಟುವುದು ಕೂಡ ನಿಂತಿತು.

ಈ ಸಲ ಚೀಸ್ ಎಂದು ಬರೆಯುವಷ್ಟು ದಡ್ಡರಲ್ಲ ಅವರು. ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಇನ್ನೊಂದು ನಿಘಂಟನ್ನು ಎರವಲು ತಂದು ಗಿಣ್ಣು ಹುಡುಕಿದರು. ಮೊದಲ ಅರ್ಥವಾಗಿ ಕೊಟ್ಟಿದ್ದ ಪದವನ್ನು ಅವರು ಎಂದೂ ಕಂಡಿರಲಿಲ್ಲ. ಮುಂದೆ ಒಂದು ಕೆ ಅಕ್ಷರ ಕೆಲಸವಿಲ್ಲದೆ ಕೂತಿತ್ತು. ಪಕ್ಕದಲ್ಲಿ ಉಚ್ಚಾರ ಕೊಟ್ಟಿತ್ತು: ನಕಲ್. ಮೇಷ್ಟ್ರು ಚಿಟಿಕೆ ಹೊಡೆದರು. ನಕಲು! ಅವರದು ಅಸಲು ಚೀಸ್, ನಮ್ಮದು ಅದರ ನಕಲು. ಇಂಗ್ಲಿಷಿನವರು ಎಷ್ಟು ಲೆಕ್ಕಾಚಾರದ ಜನ ಎಂದು ಮೆಚ್ಚಿಕೊಂಡು, ಕೆಳಗಿನ ಎರಡನೆಯ ಅರ್ಥವನ್ನು ನೋಡದೆ ನಿಘಂಟು ಮುಚ್ಚಿದರು.

ಬುಧವಾರ ಕಮಿಟಿ ಸೇರಿದಾಗ ದೊರೆಸಾನಿ ಖುದ್ದಾಗಿ ಬಂದರು. ಮೇಷ್ಟ್ರ ಕಾಗದವನ್ನು ಮೇಜಿನ ಮೇಲಿಟ್ಟು, ಮೂವತ್ತು ವರ್ಷ ತೋಟದ ಕೂಲಿ ಲೈನುಗಳಲ್ಲಿ ಕಲಿತ ಕನ್ನಡದಲ್ಲಿ ಎಲ್ಲರಿಗೂ ಅರ್ಥವಾಗುವಂತೆ ಓದಿ ಹೇಳಿದರು: ಆಗಷ್ಟೇ ತೆಗೆದ ಎರಡು ಸೇರು ಬೆರಳ ಗಿಣ್ಣು ತೆಗೆದುಕೊಳ್ಳಿ. ಆವಿಯಲ್ಲಿ ಬೇಯಿಸಿ. ಚೌಕವಾಗಿ ಕೊಯ್ದು ಹಣ್ಣಿನ ಮೇಲೆ ಹರಡಿ. ಆಮೇಲೆ ಮುಷ್ಟಿ ಬಿಗಿದು ತಮ್ಮ ಬೆರಳ ಗಿಣ್ಣುಗಳನ್ನೇ ಎಣಿಸಿದರು.

"ನನ್ನ ತಂಗಿ ಒಬ್ಬಳೇ ಇರೋದು, ಮೇಷ್ಟರ್. ಅವಳ ಎರಡೂ ಕೈ ಸೇರಿಸಿದ್ರೂ ಎರಡು ಸೇರು ಆಗಲ್ಲ."

ಕಮಿಟಿಯವರು ನಗುವುದನ್ನು ನಿಲ್ಲಿಸುವಷ್ಟರಲ್ಲಿ ಎರಡು ಸಲ ಕಾಫಿ ಆರಿತು. ಕುಶಾಲಪ್ಪನವರು ಕಣ್ಣೊರೆಸಿಕೊಂಡು ಕಾಗದವನ್ನು ಮಡಿಚಿ ಮೇಷ್ಟ್ರ ಕೈಗೆ ಕೊಟ್ಟರು.

"ನೀವು ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ್ರೆ ಊರಿನ ಹಸುಗಳಿಗೆ ಕಷ್ಟ, ಕನ್ನಡದಿಂದ ಇಂಗ್ಲಿಷಿಗೆ ಹೋದ್ರೆ ಮನುಷ್ಯರಿಗೇ ಕಷ್ಟ. ಜೂನಿನಿಂದ ಲೆಕ್ಕದ ಪಾಠ ತಗೊಳ್ಳಿ, ಮೇಷ್ಟ್ರೇ. ಅಂಕಿಗೆ ತರ್ಜುಮೆ ಬೇಡ."